ಕುಮಾರ ಪರ್ವತ ಹತ್ತಿ, ಬೆಳಕಿರುವಾಗಲೇ ಇಳಿಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೊರಟವರಲ್ಲಿ ಬಹಳಷ್ಟು ಮಂದಿ ಅರ್ಧದಲ್ಲೇ ವಾಪಸ್ ಬರುತ್ತಾರೆ. ಇನ್ನು ಕೆಲವರು ತುದಿ ಮುಟ್ಟುತ್ತಾರೆ, ಆದರೆ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು, ಕಾಲೆಳೆದುಕೊಂಡು ಇಳಿಯುತ್ತಾರೆ. ಕೇಳಿದರೆ ಇಬ್ಬರೂ ಒಂದೇ ಮಾತು ಹೇಳುತ್ತಾರೆ: "ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ."

ಕಷ್ಟ ನಿಜ. ಆದರೆ ಬಹುತೇಕರು ಸೋಲುವುದು ಕಾಲಿನ ಶಕ್ತಿ ಸಾಲದೆ ಅಲ್ಲ. ತಡವಾಗಿ ಹೊರಡುತ್ತಾರೆ, ನೀರನ್ನು ಬೇಗ ಖಾಲಿ ಮಾಡುತ್ತಾರೆ, ಎಲ್ಲಿಂದ ತಿರುಗಬೇಕು ಅಂತ ಮೊದಲೇ ನಿರ್ಧರಿಸಿರುವುದಿಲ್ಲ. ಈ ಮೂರನ್ನು ಸರಿಮಾಡಿಕೊಂಡರೆ ಸಾಧಾರಣ ಆರೋಗ್ಯ ಇರುವವರು, ಒಂದಿಷ್ಟು ಅಭ್ಯಾಸ ಮಾಡಿಕೊಂಡು ಈ ಬೆಟ್ಟ ಹತ್ತಬಹುದು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರು ಹಂತ ಮನೆಯಲ್ಲೇ ಮುಗಿಯಬೇಕು.

## ಹಂತ 1: ಯಾವ ಕಡೆಯಿಂದ ಹತ್ತುತ್ತೀರಿ ಎಂದು ತೀರ್ಮಾನಿಸಿ

ಬೆಟ್ಟದ ಎತ್ತರ 1,712 ಮೀಟರ್. ಈ ಸಂಖ್ಯೆಯನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಮುಳ್ಳಯ್ಯನಗಿರಿ 1,930 ಮೀಟರ್ ಇದೆ, ಆದರೆ ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಏರು, ಅಷ್ಟನ್ನೂ ನಡೆದೇ ಹತ್ತಬೇಕು. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಬುಡದಿಂದ ತುದಿಗೆ ಐದು ಸಲ ಹತ್ತಿದರೂ ಇಷ್ಟಾಗುವುದಿಲ್ಲ.

ದಾರಿಗಳು ಮುಖ್ಯವಾಗಿ ಎರಡು.

ಕುಕ್ಕೆ ಕಡೆಯಿಂದ: ಒಂದು ಬದಿಗೆ ಸುಮಾರು 12–13 ಕಿಲೋಮೀಟರ್. ಹತ್ತಲು ಆರರಿಂದ ಎಂಟು ಗಂಟೆ, ಇಳಿಯಲು ನಾಲ್ಕರಿಂದ ಐದು ಗಂಟೆ ಬೇಕು. ಅರ್ಧ ದಾರಿ ಕಾಡು, ಉಳಿದರ್ಧ ಬಹುತೇಕ ನೆರಳೇ ಇಲ್ಲದ ಹುಲ್ಲುಗಾವಲು.

ಬೀಡಹಳ್ಳಿ ಕಡೆಯಿಂದ: ಸೋಮವಾರಪೇಟೆ ಕಡೆಯ ದಾರಿ ಇದು. ಒಂದು ಬದಿಗೆ ಸುಮಾರು 7 ಕಿಲೋಮೀಟರ್. ಊರೇ ಎತ್ತರದಲ್ಲಿರುವುದರಿಂದ ಏರು ಕಡಿಮೆ. ಹೆಚ್ಚು ಹೊತ್ತು ಕಾಡಿನ ನೆರಳಲ್ಲೇ ನಡೆಯುತ್ತೀರಿ. ತುದಿ ಹತ್ತಿರವಾದಂತೆ ಕಡಿದಾದ ಬಂಡೆ ಏರು ಸಿಗುತ್ತದೆ. ಹತ್ತಲು ನಾಲ್ಕರಿಂದ ಐದು ಗಂಟೆ ಇಟ್ಟುಕೊಳ್ಳಿ.

ನನ್ನ ಅಭಿಪ್ರಾಯ ಇಷ್ಟು: ಇದು ನಿಮ್ಮ ಮೊದಲ ದೊಡ್ಡ ಚಾರಣ ಆದರೆ, ಒಂದೇ ದಿನದಲ್ಲಿ ತುದಿ ನೋಡಲೇಬೇಕು ಅಂತಿದ್ದರೆ ಬೀಡಹಳ್ಳಿಯಿಂದ ಹೋಗಿ. ಕುಕ್ಕೆಯಿಂದಲೇ ಹೋಗಬೇಕು ಅನ್ನುವವರು ಮೊದಲ ಸಲ, ಅರ್ಧ ದಾರಿ ದಾಟಿದ ಮೇಲೆ ಸಿಗುವ ಕಲ್ಲು ಮಂಟಪದವರೆಗೆ ಹೋಗಿ ಬನ್ನಿ. ಅಷ್ಟರಲ್ಲಿ ನಿಮ್ಮ ನಡಿಗೆಯ ವೇಗ ಎಷ್ಟು, ನೀರು ಎಷ್ಟು ಬೇಕು, ಇಳಿಯುವಾಗ ಮಂಡಿ ಹೇಗಿರುತ್ತದೆ, ಎಲ್ಲವೂ ಗೊತ್ತಾಗುತ್ತದೆ.

ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯುವ ಆಸೆ ಹಲವರಿಗಿದೆ. ನಿಮ್ಮ ಚಾರಣದ ಟಿಕೆಟ್ (ಹಂತ 2 ನೋಡಿ) ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಿ. ಬೀಡಹಳ್ಳಿಯಲ್ಲಿ ಸಂಜೆ ಇಳಿದರೆ ಬಸ್ ಸಿಗುವುದು ಕಷ್ಟ, ಜೀಪ್ ಮೊದಲೇ ಹೇಳಿಟ್ಟಿರಬೇಕು.

## ಹಂತ 2: ತಿಂಗಳು ನೋಡಿ, ಟಿಕೆಟ್ ಮಾಡಿ, ಆಮೇಲೆ ಬಸ್ಸು

ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಬಸ್ ಬುಕ್ ಮಾಡಿ, ರಜೆ ಹಾಕಿ, ಕೊನೆಗೆ ಟಿಕೆಟ್ ಹುಡುಕುತ್ತಾರೆ. ಬೆಟ್ಟ ಇರುವುದು ಪುಷ್ಪಗಿರಿ ವನ್ಯಜೀವಿಧಾಮದ ಒಳಗೆ. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಇಲ್ಲಿ ವಿಪರೀತ ಜನ ಸೇರಿದ ಮೇಲೆ ಸರ್ಕಾರ ನಿಯಮ ಬಿಗಿ ಮಾಡಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಬೇಕು. ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ತಂದಿದ್ದಾರೆ. ಶನಿವಾರ, ಭಾನುವಾರದ್ದು ಬೇಗ ಮುಗಿಯುತ್ತದೆ. ವಾರದ ನಡುವೆ ರಜೆ ಸಿಕ್ಕರೆ ಅದೇ ಒಳ್ಳೆಯದು.

ಟಿಕೆಟ್‌ಗೆ ಕೊಟ್ಟ ಗುರುತಿನ ಚೀಟಿಯ ಮೂಲ ಪ್ರತಿಯನ್ನೇ ಒಯ್ಯಿರಿ. ಟಿಕೆಟನ್ನು ಮುದ್ರಿಸಿ ಇಟ್ಟುಕೊಳ್ಳಿ, ಚೆಕ್‌ಪೋಸ್ಟ್ ಹತ್ತಿರ ನೆಟ್‌ವರ್ಕ್ ನಂಬುವಂತಿಲ್ಲ.

ಸರಿಯಾದ ಕಾಲ ಅಕ್ಟೋಬರ್‌ನಿಂದ ಜನವರಿ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಬೆಂಕಿ ಬೀಳುವ ಭಯ, ಆಗಲೂ ಮುಚ್ಚುತ್ತಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಹಸಿರು ಚೆಂದ, ನೀರೂ ಸಿಗುತ್ತದೆ, ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಹಗಲು ಚಿಕ್ಕದು.

ಟೆಂಟ್ ಹೊತ್ತುಕೊಂಡು ಹೋಗಬೇಡಿ. ತುದಿಯಲ್ಲಿ ರಾತ್ರಿ ಉಳಿಯುವುದು, ಬೆಂಕಿ ಹಾಕುವುದು ನಿಷಿದ್ಧ. ಕುಕ್ಕೆ ದಾರಿಯ ನಡುವೆ ಸಿಗುವ ಗಿರಿಗದ್ದೆಯಲ್ಲಿ ಉಳಿಯಲು ಆ ಹೊತ್ತಿಗೆ ಅನುಮತಿ ಇದೆಯೇ ಎಂಬುದನ್ನು ಟಿಕೆಟ್ ಮಾಡುವಾಗಲೇ ಓದಿಕೊಳ್ಳಿ. ಹಳೆಯ ವಿಡಿಯೋಗಳಲ್ಲಿ ಟೆಂಟ್ ಹಾಕಿದ್ದನ್ನು ನೋಡಿ ಹೊರಟವರು ಚೆಕ್‌ಪೋಸ್ಟಿನಲ್ಲಿ ವಾದ ಮಾಡುತ್ತಾ ನಿಲ್ಲುತ್ತಾರೆ. ಅಲ್ಲಿ ಕಳೆದ ಹೊತ್ತು ಬೆಟ್ಟದ ಮೇಲೆ ಬೇಕಾಗುತ್ತದೆ.

## ಹಂತ 3: ಮೂರು ವಾರ ಮೊದಲೇ ಕಾಲಿಗೆ ಕೆಲಸ ಕೊಡಿ

ಬಯಲಲ್ಲಿ ಓಡಿದರೆ ದಮ್ಮು ಬರುತ್ತದೆ, ಬೆಟ್ಟ ಇಳಿಯುವ ಮಂಡಿ ಬರುವುದಿಲ್ಲ. ಮೆಟ್ಟಿಲು ಹತ್ತಿ, ಇಳಿಯಿರಿ. ವಾರದಲ್ಲಿ ನಾಲ್ಕು ದಿನ, ಅರ್ಧ ಗಂಟೆಯಿಂದ ಶುರು ಮಾಡಿ ಒಂದು ಗಂಟೆಗೆ ಏರಿಸಿ. ಕೊನೆಯ ವಾರ ಐದು ಕಿಲೋ ಬ್ಯಾಗ್ ಹಾಕಿಕೊಂಡು ಮಾಡಿ. ಲಿಫ್ಟ್‌ನಲ್ಲಿ ಇಳಿಯಬೇಡಿ, ಇಳಿಯುವ ಅಭ್ಯಾಸವೇ ಇಲ್ಲಿ ಮುಖ್ಯ.

ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗುವುದು ದೊಡ್ಡ ತಪ್ಪು. ಮೆಟ್ಟಿಲ ಅಭ್ಯಾಸವನ್ನು ಅದೇ ಶೂನಲ್ಲಿ ಮಾಡಿ. ಹೊರಡುವ ಎರಡು ದಿನ ಮೊದಲು ಕಾಲ್ಬೆರಳ ಉಗುರು ಕತ್ತರಿಸಿ. ಇಳಿಯುವಾಗ ಉದ್ದದ ಉಗುರು ಶೂ ತುದಿಗೆ ಬಡಿದು ಕಪ್ಪಾಗುತ್ತದೆ.

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಮಂಡಿ ಗಾಯ ಇದ್ದವರು ವೈದ್ಯರನ್ನು ಕೇಳದೆ ಹೊರಡಬಾರದು. ಮಧ್ಯದಲ್ಲಿ ತೊಂದರೆಯಾದರೆ ನಿಮ್ಮನ್ನು ಯಾರಾದರೂ ಹೊತ್ತು ತರಬೇಕು. ಬೇರೆ ದಾರಿ ಇಲ್ಲ.

## ಹಂತ 4: ಬ್ಯಾಗಿಗೆ ಏನು ಹಾಕಬೇಕು

- ನೀರು: ಮೂರು ಲೀಟರ್ ಹಿಡಿಯುವ ಬಾಟಲಿಗಳು. ತೊಳೆದು ಬಳಸುವ ಸ್ಟೀಲ್ ಅಥವಾ ಗಟ್ಟಿ ಬಾಟಲಿ ಇರಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬೇಡ, ಚೆಕ್‌ಪೋಸ್ಟಿನಲ್ಲಿ ಬ್ಯಾಗ್ ತೆಗೆದು ನೋಡುತ್ತಾರೆ.
- ಓಆರ್‌ಎಸ್: ತಲೆಗೆ ಮೂರು ಪೊಟ್ಟಣ. ಇಲ್ಲದಿದ್ದರೆ ನಿಂಬೆಹಣ್ಣು, ಉಪ್ಪು, ಸಕ್ಕರೆ.
- ತಿಂಡಿ: ಚಪಾತಿ, ಬಾಳೆಹಣ್ಣು, ಖರ್ಜೂರ, ಶೇಂಗಾ ಚಿಕ್ಕಿ. ಡಬ್ಬಿಯಲ್ಲೇ ಇಡಿ. ಕಾಯಿ ಚಟ್ನಿ ಬೇಡ, ಬಿಸಿಲಿಗೆ ಹಳಸುತ್ತದೆ.
- ಶೂ: ಅಡಿ ಒರಟಾಗಿರುವ, ಬೆರಳ ಮುಂದೆ ಸ್ವಲ್ಪ ಜಾಗ ಇರುವಂಥದ್ದು. ಹಂಟರ್ ಶೂ ಅಗ್ಗ, ಒದ್ದೆ ಬಂಡೆಯ ಮೇಲೂ ಚೆನ್ನಾಗಿ ಹಿಡಿಯುತ್ತದೆ. ಜಿಮ್‌ಗೆ ಹಾಕುವ ನುಣುಪು ಅಡಿಯ ಶೂ ಬೇಡವೇ ಬೇಡ.
- ಟಾರ್ಚ್: ತಲೆಗೆ ಕಟ್ಟುವಂಥದ್ದು, ಒಬ್ಬೊಬ್ಬರಿಗೂ ಒಂದೊಂದು. ಮೊಬೈಲ್ ಬೆಳಕನ್ನು ಟಾರ್ಚ್ ಅಂತ ಲೆಕ್ಕ ಹಾಕಬೇಡಿ. ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು.
- ಉಳಿದವು: ಟೋಪಿ, ರೇನ್‌ಕೋಟ್, ಸೀಟಿ, ಕ್ರೇಪ್ ಬ್ಯಾಂಡೇಜ್, ಮಂಡಿಗೆ ಪಟ್ಟಿ, ಒಂದು ಊರುಗೋಲು, ಹೆಚ್ಚುವರಿ ಸಾಕ್ಸ್, ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ, ಕಸ ತುಂಬಲು ಒಂದು ಬಟ್ಟೆ ಚೀಲ.

ಬ್ಯಾಗ್ ಭಾರ ನೀರು ಸೇರಿ ಆರು ಕಿಲೋ ದಾಟದಿರಲಿ. ಸ್ಪೀಕರ್ ಬಿಟ್ಟು ಬನ್ನಿ.

ಮನೆಯಲ್ಲಿ ಒಬ್ಬರಿಗೆ ನಿಮ್ಮ ದಾರಿ, ಜೊತೆಗಾರರ ಹೆಸರು, "ರಾತ್ರಿ ಇಷ್ಟು ಗಂಟೆಯೊಳಗೆ ಫೋನ್ ಮಾಡದಿದ್ದರೆ ವಿಚಾರಿಸು" ಅನ್ನುವ ಸಮಯ ಬರೆದು ಕೊಟ್ಟು ಬನ್ನಿ. ಮೊಬೈಲಿನಲ್ಲಿ ಆ ಭಾಗದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

## ಹಂತ 5: ಕುಕ್ಕೆಯಿಂದ ಗಿರಿಗದ್ದೆ – ನಿಧಾನವಾಗಿ ಗೆಲ್ಲುವ ಭಾಗ

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಇಳಿದ ಕೂಡಲೇ ಹತ್ತಲು ಹೋಗುವುದು ಎಲ್ಲರ ಅಭ್ಯಾಸ. ಘಟ್ಟದ ತಿರುವುಗಳಲ್ಲಿ ನಿದ್ದೆ ಬರುವುದಿಲ್ಲ. ಆಗುವುದಾದರೆ ಹಿಂದಿನ ಸಂಜೆಯೇ ಕುಕ್ಕೆಗೆ ಬಂದು ಮಲಗಿ. ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಕುಕ್ಕೆಗೆ ಸುಮಾರು 12 ಕಿಲೋಮೀಟರ್.

ನಡಿಗೆ ಶುರುವಾಗುವುದು ದೇವರಗದ್ದೆ ಕಡೆಯಿಂದ. ಒಳಗೆ ಬಿಡುವ ಸಮಯಕ್ಕೆ, ಅಂದರೆ ಬೆಳಕು ಹರಿಯುತ್ತಿದ್ದಂತೆ ಅಲ್ಲಿರಿ. ಗಿರಿಗದ್ದೆಗೆ ಐದಾರು ಕಿಲೋಮೀಟರ್, ದಟ್ಟ ಕಾಡು, ಬೇರು ಮತ್ತು ಕಲ್ಲಿನ ಏರು. ನಡುವೆ ಭೀಮನ ಕಲ್ಲು ಎಂಬ ದೊಡ್ಡ ಬಂಡೆ ಸಿಗುತ್ತದೆ. ಬಹುತೇಕರು ಅಲ್ಲಿ ಸುಸ್ತಾಗಿ ಕೂರುತ್ತಾರೆ.

ಇಲ್ಲಿ ಆಗುವ ತಪ್ಪು ಒಂದೇ: ಮೊದಲ ಗಂಟೆಯಲ್ಲಿ ಉತ್ಸಾಹದಿಂದ ಬೇಗ ಬೇಗ ಹತ್ತುವುದು. ನಡೆಯುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗುತ್ತಿಲ್ಲ ಅಂದರೆ ನಿಮ್ಮ ವೇಗ ಜಾಸ್ತಿ. ಐವತ್ತು ನಿಮಿಷ ನಡೆದು ಐದು ನಿಮಿಷ ನಿಲ್ಲಿ. ಕೂತು ಹದಿನೈದು ನಿಮಿಷ ಕಳೆದರೆ ಮೈ ತಣ್ಣಗಾಗಿ ಮತ್ತೆ ಏಳುವುದು ಕಷ್ಟ.

ನೆರಳಿದೆ ಅಂತ ನೀರು ಕುಡಿಯದೆ ಇರಬೇಡಿ. ಕರಾವಳಿ ಪಕ್ಕದ ಈ ಕಾಡಿನಲ್ಲಿ ಸೆಖೆ ವಿಪರೀತ, ಬೆವರು ಸುರಿಯುತ್ತದೆ. ಕಾಲು ಗಂಟೆಗೊಮ್ಮೆ ಎರಡು ಗುಟುಕು ಸಾಕು. ಗಿರಿಗದ್ದೆ ತಲುಪುವಷ್ಟರಲ್ಲಿ ಒಂದು ಲೀಟರ್ ಮುಗಿದಿರಬೇಕು.

ಇಂಬಳ: ಮಳೆ ನಿಂತ ಹೊಸತರಲ್ಲಿ ಈ ಭಾಗದಲ್ಲಿ ಜಾಸ್ತಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಸಾಕ್ಸ್ ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿದರೆ ಹತ್ತುವುದು ಕಡಿಮೆ. ಕಚ್ಚಿದ್ದನ್ನು ಹಿಡಿದು ಎಳೆಯಬೇಡಿ, ಸುಡಬೇಡಿ. ಉಗುರನ್ನು ಅದರ ಬಾಯಿಯ ಪಕ್ಕ ಚರ್ಮಕ್ಕೆ ಒತ್ತಿ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಬಾಯಲ್ಲಿದೆ, ಹಾಗಾಗಿ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಹೆದರಬೇಡಿ, ತೊಳೆದು ಒತ್ತಿ ಹಿಡಿಯಿರಿ.

## ಹಂತ 6: ಗಿರಿಗದ್ದೆ – ತುಂಬಿಸಿ, ತಿನ್ನಿ, ಗಡಿಯಾರ ನೋಡಿ

ಕಾಡು ಮುಗಿದು ಬಯಲು ತೆರೆದುಕೊಂಡರೆ ಗಿರಿಗದ್ದೆ ಬಂತು. ಇಲ್ಲಿರುವ ಭಟ್ಟರ ಮನೆಯ ಅನ್ನ ಸಾಂಬಾರು, ಮಜ್ಜಿಗೆ ಚಾರಣಿಗರೆಲ್ಲರಿಗೂ ಗೊತ್ತು. ಅಲ್ಲಿ ಊಟ ಮಾಡುವುದಾದರೆ ಇಳಿಯುವಾಗ ಮಾಡಿ. ಹತ್ತುವಾಗ ಹೊಟ್ಟೆ ತುಂಬ ಅನ್ನ ತಿಂದು ಬಿಸಿಲಿಗೆ ಹೊರಟವರು ಮುಂದಿನ ಏರಿನಲ್ಲೇ ಕೂರುತ್ತಾರೆ. ಹತ್ತುವಾಗ ಒಂದು ಲೋಟ ಮಜ್ಜಿಗೆ, ಎರಡು ಬಾಳೆಹಣ್ಣು ಸಾಕು. ಹೇಳದೆ ಕೇಳದೆ ದೊಡ್ಡ ಗುಂಪು ನುಗ್ಗಬೇಡಿ, ಅದು ಮನೆ.

ಇಲ್ಲಿ ಎಲ್ಲ ಬಾಟಲಿ ತುಂಬಿಸಿ. ಮುಂದೆ ಹೆಚ್ಚೆಂದರೆ ಒಂದೇ ಕಡೆ ನೀರು.

ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಟಿಕೆಟ್ ತೋರಿಸಿ, ಹೆಸರು ಬರೆಸಿ. ತಡವಾಗಿ ಬಂದವರನ್ನು ಮುಂದೆ ಬಿಡುವುದಿಲ್ಲ. ಬಿಡದಿದ್ದರೆ ಕಾಡಿನ ಬದಿಯಿಂದ ನುಸುಳಬೇಡಿ. ಪುಸ್ತಕದಲ್ಲಿ ಹೆಸರಿಲ್ಲದವರನ್ನು ಸಂಜೆ ಯಾರೂ ಹುಡುಕುವುದಿಲ್ಲ.

ಕುಕ್ಕೆಯಿಂದ ಒಂದೇ ದಿನದಲ್ಲಿ ಹೋಗಿ ಬರುವವರು ಈ ವೇಳಾಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ:

- ಬೆಳಿಗ್ಗೆ 6: ದೇವರಗದ್ದೆ ಬಿಡುವುದು
- 9ರೊಳಗೆ: ಗಿರಿಗದ್ದೆ
- 11ರೊಳಗೆ: ಕಲ್ಲು ಮಂಟಪ
- 12.30ರೊಳಗೆ: ಶೇಷ ಪರ್ವತ (ತುದಿಗೆ ಮೊದಲು ಸಿಗುವ ಶಿಖರ)
- 1.15: ಎಲ್ಲಿದ್ದರೂ ಅಲ್ಲಿಂದ ವಾಪಸ್

ಡಿಸೆಂಬರ್‌ನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು. ಹಾಗಾಗಿ ಬೆಳಕಿರುವಾಗ ಕೊನೆಯ ಕಾಡು ದಾಟಬೇಕಾದರೆ ಸಂಜೆ 4ಕ್ಕೆ ಗಿರಿಗದ್ದೆ ಬಿಟ್ಟಿರಬೇಕು. ಮೇಲಿನ ಸಮಯಗಳೆಲ್ಲ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು.

## ಹಂತ 7: ಗಿರಿಗದ್ದೆಯಿಂದ ಕಲ್ಲು ಮಂಟಪ – ಜನ ಸೋಲುವ ಜಾಗ

ಚೆಕ್‌ಪೋಸ್ಟ್ ದಾಟಿದ ಮೇಲೆ ಬೋಳುಗುಡ್ಡ. ಎರಡೂ ಕಡೆ ಮುಳಿ ಹುಲ್ಲು, ಮೇಲೆ ಬಿಸಿಲು. ಮೂರು ಕಿಲೋಮೀಟರ್‌ನಷ್ಟೇ ಇದ್ದರೂ ಚಾರಣ ಕೆಡುವುದು ಹೆಚ್ಚಾಗಿ ಇಲ್ಲೇ. ಒಂದು ಗುಡ್ಡ ಹತ್ತಿದರೆ ಅದರ ಹಿಂದೆ ಇನ್ನೊಂದು ಕಾಣುತ್ತದೆ, "ಇದೇ ಕೊನೆ" ಅಂತ ಓಡಿದವರು ಬೇಗ ಸೋಲುತ್ತಾರೆ.

ಟೋಪಿ ಹಾಕಿ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ. ಈಗ ಬರೀ ನೀರು ಸಾಲದು. ಗಂಟೆಗಟ್ಟಲೆ ಬೆವರಿದ ಮೇಲೆ ಉಪ್ಪೂ ಹೋಗಿರುತ್ತದೆ. ಮೊದಲ ಓಆರ್‌ಎಸ್ ಇಲ್ಲೇ ಕುಡಿಯಿರಿ. ಮೀನಖಂಡ ಸೆಟೆದುಕೊಂಡ ಮೇಲೆ ಕುಡಿದರೆ ಹತೋಟಿಗೆ ಬರಲು ಹೊತ್ತು ಹಿಡಿಯುತ್ತದೆ.

ಅಪಾಯದ ಸೂಚನೆಗಳು. ಇವನ್ನು ನಿಮ್ಮ ಮೈಯಲ್ಲಿ ಮಾತ್ರ ಅಲ್ಲ, ಪಕ್ಕದವರಲ್ಲೂ ನೋಡುತ್ತಿರಿ:

- ತಲೆನೋವು, ವಾಕರಿಕೆ, ನಿಂತಾಗ ಕಣ್ಣು ಕತ್ತಲಿಡುವುದು: ನೆರಳಿಗೆ ಕರೆದೊಯ್ದು, ಮಲಗಿಸಿ ಕಾಲು ಮೇಲೆ ಮಾಡಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಅರ್ಧ ಗಂಟೆಯಲ್ಲಿ ಸರಿಹೋದರೂ ಮೇಲೆ ಹೋಗಬಾರದು, ಇಳಿಯಬೇಕು.
- ಆರೇಳು ಗಂಟೆಯಾದರೂ ಮೂತ್ರ ಬಾರದಿರುವುದು, ಬಂದರೂ ಗಾಢ ಹಳದಿ: ನೀರು ಸಾಲುತ್ತಿಲ್ಲ.
- ಮಾತು ತೊದಲುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಮೈ ಸುಡುತ್ತಿರುವುದು: ಇದು ಜೀವಕ್ಕೆ ಅಪಾಯ. ಬಟ್ಟೆ ಸಡಿಲ ಮಾಡಿ, ಮೈ ಮೇಲೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಇಬ್ಬರು ಕೂಡಲೇ ಚೆಕ್‌ಪೋಸ್ಟಿಗೆ ಇಳಿದು ಸಹಾಯ ತರಲಿ.

ಕಲ್ಲು ಮಂಟಪದಲ್ಲಿ ನಾಲ್ಕು ಜನ ಕೂರುವಷ್ಟು ನೆರಳಿದೆ. ಹತ್ತಿರ ನೀರೂ ಸಿಗುತ್ತದೆ, ಆದರೆ ಚಳಿಗಾಲ ಮುಗಿಯುತ್ತಾ ಬಂದಂತೆ ಅದು ಬತ್ತುತ್ತದೆ. ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಅದೇ ನೀರಿನಲ್ಲಿ ಕಾಲು ತೊಳೆಯಬೇಡಿ, ಹಿಂದೆ ಬರುವವರೂ ಕುಡಿಯಬೇಕು.

ನಿರ್ಧಾರದ ಜಾಗ ಇದೇ. ಗುಂಪಿನಲ್ಲಿ ಅತಿ ನಿಧಾನ ಇರುವವರನ್ನು ನಡುವೆ ಕೂರಿಸಿ ಮೂರು ಪ್ರಶ್ನೆ ಕೇಳಿ. ಗಂಟೆ ಹನ್ನೊಂದು ದಾಟಿದೆಯೇ? ಯಾರದಾದರೂ ನೀರು ಒಂದೂವರೆ ಲೀಟರಿಗಿಂತ ಕಡಿಮೆ ಇದೆಯೇ? ಯಾರಿಗಾದರೂ ಮಂಡಿ ನೋಯುತ್ತಿದೆಯೇ? ಒಂದಕ್ಕೆ 'ಹೌದು' ಬಂದರೂ ವಾಪಸ್ ತಿರುಗಿ. ಇಲ್ಲಿಂದ ತಿರುಗಿದರೆ ಯಾರ ಸಹಾಯವೂ ಇಲ್ಲದೆ ಇಳಿಯುತ್ತೀರಿ. ಇನ್ನೂ ಎರಡು ಕಿಲೋಮೀಟರ್ ಮುಂದೆ ಹೋಗಿ ಸೋತರೆ ಆ ಮಾತು ಹೇಳಲಾಗದು.

ನೋಯುತ್ತಿದೆ ಅಂತ ಹೇಳಲು ನಾಚುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಮುಂದಾಳು ಅವರನ್ನು ಪಕ್ಕಕ್ಕೆ ಕರೆದು ಕೇಳಬೇಕು.

## ಹಂತ 8: ಶೇಷ ಪರ್ವತ, ಆಮೇಲೆ ತುದಿ

ಮಂಟಪದಿಂದ ಭತ್ತದ ರಾಶಿ ಎಂಬ ಜಾಗ, ಅಲ್ಲಿಂದ ಶೇಷ ಪರ್ವತ. ಏರು ಕಡಿದು, ದಾರಿ ಸ್ಪಷ್ಟ. ಶೇಷ ಪರ್ವತದ ಒಂದು ಬದಿ ನೇರ ಪ್ರಪಾತ. ಮಂಜು ಕವಿದಾಗ ಅಂಚು ಎಲ್ಲಿದೆ ಅಂತ ಕಾಣುವುದಿಲ್ಲ. ಅಂಚಿನ ಹುಲ್ಲಿನ ಕೆಳಗೆ ಗಟ್ಟಿ ನೆಲ ಇದೆ ಅಂತ ನಂಬಬೇಡಿ. ಫೋಟೋಗೆ ಹಿಂದೆ ಹಿಂದೆ ಸರಿಯುವುದಂತೂ ಬೇಡ.

ಗುಡುಗು ಕೇಳಿದರೆ ಈ ಬೋಳು ತಲೆಯ ಮೇಲೆ ಒಂದು ನಿಮಿಷವೂ ನಿಲ್ಲಬಾರದು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮ ಹತ್ತಿರವೇ ಇದೆ. ತಗ್ಗಿಗೆ ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಎಲ್ಲರೂ ಗುಂಪಾಗಿ ಕೂರಬೇಡಿ.

ಶೇಷ ಪರ್ವತ ದಾಟಿ ದಾರಿ ಶೋಲಾ ಕಾಡಿಗೆ, ಅಂದರೆ ಗುಡ್ಡಗಳ ನಡುವಿನ ತಗ್ಗಿನ ದಟ್ಟ ಕಾಡಿಗೆ ಇಳಿಯುತ್ತದೆ. ತಂಪಾಗಿರುತ್ತದೆ, ಆದರೆ ಸುಮ್ನೆ ಕೂತು ಹೊತ್ತು ಕಳೆಯಬೇಡಿ. ಈ ವನ್ಯಧಾಮದಲ್ಲಿ ಆನೆಗಳಿವೆ. ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ಮಾತು ನಿಲ್ಲಿಸಿ, ಕಿವಿಗೊಟ್ಟು, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಕಾಡು ಮುಗಿದ ಮೇಲೆ ಬಂಡೆ ಏರು. ಒಣಗಿದ್ದರೆ ಸುಲಭ. ನೀರು ಇಳಿಯುತ್ತಿದ್ದರೆ ಪಾಚಿ ಜಾರುತ್ತದೆ. ಕಪ್ಪಗೆ ಹೊಳೆಯುವ ಕಡೆ ಕಾಲಿಡಬೇಡಿ, ಒರಟಾಗಿ ಬೂದು ಬಣ್ಣ ಇರುವ ಕಡೆ ಇಡಿ. ಒಬ್ಬರು ಹತ್ತಿ ಮುಗಿಸಿದ ಮೇಲೆ ಇನ್ನೊಬ್ಬರು ಹತ್ತಿ. ಹತ್ತುವಾಗಲೇ ಯೋಚಿಸಿ, ಇದನ್ನೇ ಇಳಿಯಲೂ ಬೇಕು. ಇಳಿಯಲು ಧೈರ್ಯ ಬಾರದ ಬಂಡೆಯನ್ನು ಹತ್ತಬೇಡಿ.

ತುದಿ ಅಗಲವಾದ ಬಯಲು, ಕಲ್ಲು ಜೋಡಿಸಿದ ಪುಟ್ಟ ಪೂಜಾ ಸ್ಥಳ ಇದೆ. 1.15ರೊಳಗೆ ಹೊತ್ತಿದ್ದರೆ ಅರ್ಧ ಗಂಟೆ ಇರಿ, ತಿನ್ನಿ. ಮಂಜು ಬಂದರೆ ಬಂದ ದಿಕ್ಕು ಮರೆತುಹೋಗುತ್ತದೆ, ಬೀಡಹಳ್ಳಿ ಕಡೆ ಇಳಿದುಬಿಡುವ ಸಾಧ್ಯತೆ ಇದೆ. ಮೇಲೆ ಬಂದ ಕೂಡಲೇ ಹಿಂದೆ ತಿರುಗಿ, ನೀವು ಹೊರಬಂದ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ.

## ಹಂತ 9: ಇಳಿಯುವುದು

ಕಾಲು ಉಳುಕುವುದು, ಜಾರುವುದು, ದಾರಿ ತಪ್ಪುವುದು ಹೆಚ್ಚಾಗಿ ಇಳಿಯುವಾಗಲೇ. ಸುಸ್ತಾಗಿರುತ್ತೀರಿ, ಮನಸ್ಸು ಆಗಲೇ ಮನೆ ಸೇರಿರುತ್ತದೆ.

ಹೊರಡುವ ಮುನ್ನ ಶೂ ಲೇಸನ್ನು ಕಣಕಾಲ ಹತ್ತಿರ ಬಿಗಿ ಮಾಡಿ, ಪಾದ ಮುಂದಕ್ಕೆ ಜಾರಬಾರದು. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಗ್ಗಿರಲಿ. ಕಡಿದಾದ ಕಡೆ ದಾರಿಯ ಅಗಲದಲ್ಲೇ ಓರೆ ಓರೆಯಾಗಿ ಇಳಿಯಿರಿ. ಓಡಿದರೆ ಮಂಡಿಗೆ ಆರಾಮ ಅನ್ನಿಸುತ್ತದೆ, ಗಿರಿಗದ್ದೆ ದಾಟಿದ ಮೇಲೆ ಅದರ ಪರಿಣಾಮ ಗೊತ್ತಾಗುತ್ತದೆ. ಮಂಡಿ ಪಟ್ಟಿಯನ್ನು ನೋವು ಶುರುವಾಗುವ ಮೊದಲೇ ಹಾಕಿ.

ಗುಂಪು ಒಡೆಯಬೇಡಿ. 2019ರಲ್ಲಿ ಬೆಂಗಳೂರಿನ ಚಾರಣಿಗರೊಬ್ಬರು ಇಳಿಯುವಾಗ ಜೊತೆಗಾರರಿಂದ ಬೇರೆಯಾಗಿ ಕಾಡಿನಲ್ಲಿ ದಾರಿ ತಪ್ಪಿದರು. ಹುಡುಕಾಟ ನಡೆಯುತ್ತಿರುವಾಗ, ಎರಡು ದಿನದ ಮೇಲೆ, ನೀರಿನ ಪೈಪಿನ ಜಾಡು ಹಿಡಿದು ಅವರೇ ಕೆಳಗೆ ಬಂದರು. ಮುಂದೆ ಒಬ್ಬ ಅನುಭವಿ, ಕೊನೆಗೆ ಒಬ್ಬ ಅನುಭವಿ ಇರಲಿ, ಕೊನೆಯವರನ್ನು ಯಾರೂ ಹಿಂದೆ ಬಿಡಬಾರದು. ದಾರಿ ಕವಲಾದ ಕಡೆಯೆಲ್ಲ ನಿಂತು ತಲೆ ಎಣಿಸಿ.

ದಾರಿ ತಪ್ಪಿದೆ ಅನ್ನಿಸಿದರೆ ಮೊದಲು ನಿಲ್ಲಿ. ಗುರುತು ಸಿಗುವ ಕೊನೆಯ ಜಾಗಕ್ಕೆ ವಾಪಸ್ ಹತ್ತಿ. "ಕೆಳಗೆ ಇಳಿದರೆ ಊರು ಸಿಕ್ಕೇ ಸಿಗುತ್ತದೆ" ಅಂತ ಹಳ್ಳದ ಜೊತೆ ಇಳಿಯಬೇಡಿ, ಇಲ್ಲಿನ ಹಳ್ಳಗಳು ಬಂಡೆಯಿಂದ ಧುಮುಕುತ್ತವೆ. ಮೂರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಮೂರು. ಕತ್ತಲಾದರೆ ನಡೆಯುವುದು ನಿಲ್ಲಿಸಿ, ರೇನ್‌ಕೋಟ್ ಹೊದ್ದು ಒಂದೇ ಕಡೆ ಕೂರಿ. ತುರ್ತು ಸಂಖ್ಯೆ 112ಕ್ಕೆ ಆಗಾಗ ಪ್ರಯತ್ನಿಸಿ, ಬೇರೆ ಕಂಪನಿಯ ಸಿಗ್ನಲ್ ಇದ್ದರೂ ಅದು ತಾಗುತ್ತದೆ. ಮಧ್ಯದ ಹೊತ್ತಿನಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ.

ಗಿರಿಗದ್ದೆ ಚೆಕ್‌ಪೋಸ್ಟಿನಲ್ಲಿ ಇಳಿದು ಬಂದಿದ್ದನ್ನು ಬರೆಸಲು ಮರೆಯಬೇಡಿ. ಬರೆಸದೆ ಹೋದರೆ ಸಿಬ್ಬಂದಿ ರಾತ್ರಿ ನಿಮ್ಮನ್ನು ಹುಡುಕುತ್ತಾ ಮೇಲೆ ಹೋಗಬೇಕಾಗುತ್ತದೆ.

## ಹಂತ 10: ಕೆಳಗೆ ಬಂದ ಮೇಲೆ

ಮನೆಗೆ ಫೋನ್ ಮಾಡಿ. ಬಟ್ಟೆ ಬದಲಿಸುವಾಗ ಕಂಕುಳು, ಸೊಂಟ, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಇಂಬಳ ಕಣ್ಣಿಗೆ ಕಾಣುತ್ತದೆ, ಉಣ್ಣೆ ಹುಳ ಬೇಗ ಕಾಣುವುದಿಲ್ಲ. ಅದನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಮೇಲಕ್ಕೆ ತೆಗೆಯಬೇಕು. ಆಮೇಲಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಮರುದಿನ ತೊಡೆ ನೋಯುವುದು ಸಹಜ, ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಮಂಡಿ ಊದಿಕೊಂಡರೆ, ಅಥವಾ ನೀರು ಕುಡಿದರೂ ಮೂತ್ರ ಟೀ ಡಿಕಾಕ್ಷನ್ ಬಣ್ಣದಲ್ಲೇ ಇದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.